ಕಪ್ಪೆಚಿಪ್ಪಿನ ರೋಗವೂ ಶ್ರಾವಕನ ವ್ರತವೂ

ಕಳೆದ ಭಾದ್ರಪದದ ದಶಲಕ್ಷಣ ಪರ್ವದ ಕೊನೆಯ ದಿನ, ಅನಂತ ಚತುರ್ದಶಿಯಂದು, ತುಮಕೂರಿನ ಅಂತರಸನಹಳ್ಳಿಯಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿದ್ದೆ. ಹಿಂದೆ ಊರ ಹೊರಗಿನ ಹಳ್ಳಿಯಾಗಿದ್ದ ಆ ಸ್ಥಳ ಇಂದು ತರಕಾರಿ ಮಾರುಕಟ್ಟೆ, ಕಾರ್ಖಾನೆಗಳು, ಲಾರಿಗಳ ಸದ್ದು ಇವುಗಳ ನಡುವೆ ನಗರದೊಳಗೇ ಸೇರಿಹೋಗಿದೆ. ತಂಗಿಗೆ ಅಂದು ಅನಂತ ನೋಂಪಿಯ ಉಪವಾಸ. ಬೆಳಗಿನ ಪೂಜೆ ಮುಗಿಸಿ ಬಂದು, ನಡುಮನೆಯ ಗಾಜಿನ ತೊಟ್ಟಿಯ ಮುಂದೆ ಸುಮ್ಮನೆ ಕುಳಿತಿದ್ದಳು. ತೊಟ್ಟಿ ಆಕೆಯ ಮೊಮ್ಮಗನದು. ಬಣ್ಣದ ಮೀನುಗಳ ಜೊತೆಗೆ ಅಂಗಡಿಯವನು ‘ನೀರು ತಾನೇ ಶುದ್ಧವಾಗುತ್ತದೆ’ ಎಂದು ಹೇಳಿ ಕೊಟ್ಟಿದ್ದ ಎರಡು ಕಪ್ಪೆಚಿಪ್ಪುಗಳೂ ಅದರಲ್ಲಿದ್ದವು. ಒಂದು ಮರಳಿನ ಮೇಲೆ ಬಾಯಿ ತೆರೆದುಕೊಂಡು ಬಿದ್ದಿತ್ತು.

“ತಾತ, ನೆನ್ನೆಯಿಂದ ಬಾಯಿ ತೆಗೆದುಕೊಂಡೇ ಇದೆ. ಊಟ ಕೇಳುತ್ತಿದೆಯೇನೋ” ಎಂದ ಹುಡುಗ.

ನಾನು ಅದನ್ನೆತ್ತಿ ನೋಡಿದೆ. ವಾಸನೆ ಬರುತ್ತಿತ್ತು. ಅದು ಊಟ ಕೇಳುವ ಕಾಲ ಎಂದೋ ಮುಗಿದಿತ್ತು. ಮೀನುಗಳ ಮೈಮೇಲೆ ಬಿಳಿಚುಕ್ಕೆ ಕಾಣಿಸಿತೆಂದು ಮೂರು ದಿನದ ಕೆಳಗೆ ಯಾವುದೋ ಔಷಧ ಹಾಕಿದ್ದರಂತೆ. ಬಾಟಲಿ ತರಿಸಿ ನೋಡಿದರೆ ಅದರ ಮೇಲೆ ತಾಮ್ರವೆಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಆಗ ತಂಗಿ ಹೇಳಿದ ಮಾತು ಈ ಲೇಖನಕ್ಕೆ ಕಾರಣ. “ಅಣ್ಣಾ, ನಾನು ಜಿನಬಿಂಬದ ಮುಂದೆ ನಿಂತು ನನ್ನಷ್ಟಕ್ಕೆ ನಾನೇ ಊಟ ಬಿಟ್ಟೆ. ಇದು ಎಷ್ಟು ದಿನದಿಂದ ಊಟ ಬಿಟ್ಟಿತ್ತೋ! ಯಾರ ಮುಂದೆ ವ್ರತ ತೆಗೆದುಕೊಂಡಿತ್ತು?”

ಅಷ್ಟು ಚಿಕ್ಕ ಜೀವಿಗೆ ಇಷ್ಟೊಂದು ವಿಚಾರವೇ ಎಂದು ಕೆಲವು ವಾಚಕರಿಗೆ ಅನಿಸೀತು. ಆದರೆ ಕುಂದಕುಂದಾಚಾರ್ಯರು ‘ಪಂಚಾಸ್ತಿಕಾಯ’ದಲ್ಲಿ ದ್ವೀಂದ್ರಿಯ ಜೀವಗಳನ್ನು ಹೇಳುವಾಗ ಶಂಖದ ಪಕ್ಕದಲ್ಲಿಯೇ ಸಿಂಪನ್ನೂ ಹೆಸರಿಸಿದ್ದಾರೆ. ಸ್ಪರ್ಶ ಮತ್ತು ರಸ ಎರಡನ್ನು ಮಾತ್ರ ಅರಿಯುವ ಜೀವ ಅದು. ಇಂದ್ರಿಯಗಳು ಎರಡು, ಕಾಯಬಲ, ವಚನಬಲ, ಶ್ವಾಸೋಚ್ಛ್ವಾಸ, ಆಯು ಎಂದು ಆರು ಪ್ರಾಣಗಳು ಅದಕ್ಕುಂಟು. ಅಂದರೆ ಅದು ತ್ರಸ ಜೀವ. ಕಾಯಿಪಲ್ಲೆ ಹೆಚ್ಚುವಾಗಲೂ ನೀರು ಕಾಯಿಸುವಾಗಲೂ ಗೃಹಸ್ಥನಿಂದ ತಪ್ಪದೆ ನಡೆಯುವ ಸ್ಥಾವರ ಹಿಂಸೆಯ ಲೆಕ್ಕದಲ್ಲಿ ಇದನ್ನು ಸೇರಿಸಿ ಕೈತೊಳೆದುಕೊಳ್ಳುವಂತಿಲ್ಲ. ಅಣುವ್ರತಿಯಾದ ಶ್ರಾವಕನ ವ್ರತದ ಗಡಿ ಸರಿಯಾಗಿ ಈ ಚಿಪ್ಪಿನ ಬಳಿಯಿಂದಲೇ ಆರಂಭವಾಗುತ್ತದೆ.

ಮೊದಲು ರೋಗದ ಮಾತು. ಮೀನುಗಾರಿಕೆಯಲ್ಲಿ ದುಡಿದು ನಿವೃತ್ತರಾದ ಪರಿಚಿತರೊಬ್ಬರನ್ನು ಕೇಳಿ, ದೊರೆತ ಪುಸ್ತಕಗಳನ್ನೂ ನೋಡಿ ತಿಳಿದುಕೊಂಡದ್ದನ್ನು ಬರೆಯುತ್ತೇನೆ. ನಮ್ಮ ಕೆರೆಗಳಲ್ಲಿ ಸಾಮಾನ್ಯವಾಗಿ ದೊರೆಯುವ ಸಿಹಿನೀರಿನ ಚಿಪ್ಪಿಗೆ ಲ್ಯಾಮೆಲ್ಲಿಡೆನ್ಸ್ ಎಂದು ಶಾಸ್ತ್ರೀಯ ನಾಮ. ಅದು ಅರ್ಧ ಮೈಯನ್ನು ಕೆಸರಿನಲ್ಲಿ ಹೂತುಕೊಂಡು, ಹಿಂಬದಿಯ ಎರಡು ರಂಧ್ರಗಳಲ್ಲಿ ಒಂದರಿಂದ ನೀರನ್ನು ಒಳಗೆಳೆದುಕೊಂಡು ಇನ್ನೊಂದರಿಂದ ಹೊರಬಿಡುತ್ತದೆ. ಒಳಗಿನ ಕಿವಿರುಗಳು ಉಸಿರಾಟದ ಕೆಲಸವನ್ನೂ ಜರಡಿಯ ಕೆಲಸವನ್ನೂ ಒಟ್ಟಿಗೇ ಮಾಡುತ್ತವೆ. ನೀರಿನಲ್ಲಿ ತೇಲುವ, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿಯೇ ಅದರ ಆಹಾರ. ಬೆಳೆದ ಚಿಪ್ಪೊಂದು ದಿನಕ್ಕೆ ಹಲವಾರು ಲೀಟರು ನೀರನ್ನು ಹೀಗೆ ಸೋಸುತ್ತದೆ. ನೀರು ಸೋಸಿ ಕುಡಿಯುವ ನಮ್ಮ ಮನೆಗಳಿಗೆ ಇದು ತಕ್ಕ ಅತಿಥಿಯೆಂದು ಹುಡುಗನೊಡನೆ ನಗೆಯಾಡಿದ್ದೆ. ಆ ನಗೆಯಲ್ಲಿಯೇ ಅದರ ಸಾವಿನ ಕಾರಣವೂ ಇತ್ತು. ಗಾಜಿನ ತೊಟ್ಟಿಯ ನೀರು ಕನ್ನಡಿಯಂತೆ ತಿಳಿಯಾಗಿರಬೇಕೆಂದು ನಾವು ಬಯಸುತ್ತೇವೆ. ತಿಳಿನೀರೆಂದರೆ ಚಿಪ್ಪಿನ ಪಾಲಿಗೆ ಬರಿದಾದ ಎಲೆ. ಕೆಳಗೆ ಬಿದ್ದ ಮೀನಿನ ಕಾಳನ್ನು ಅದು ಹೆಕ್ಕಿ ತಿನ್ನಲಾರದು.

ಹಸಿದ ಚಿಪ್ಪು ಕೂಡಲೇ ಸಾಯುವುದಿಲ್ಲ. ಮೈಯಲ್ಲಿ ಕೂಡಿಟ್ಟ ಸಾರವನ್ನು ಕರಗಿಸಿಕೊಳ್ಳುತ್ತ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬದುಕಿರುತ್ತದೆ. ಅಷ್ಟು ಕಾಲವೂ ಮನೆಯವರು ‘ಅದಕ್ಕೇನೂ ಬೇಕಾಗಿಲ್ಲ, ಬಹಳ ಸಾಧುಪ್ರಾಣಿ’ ಎಂದು ಮೆಚ್ಚಿಕೊಂಡಿರುತ್ತಾರೆ.

ಇದರ ರೋಗವನ್ನು ಗುರುತಿಸುವುದು ಕಷ್ಟ. ನರಳುವುದಿಲ್ಲ, ಮುಖವಿಲ್ಲ, ಜ್ವರ ನೋಡುವ ಬಗೆಯಿಲ್ಲ. ಆದರೂ ಕೆಲವು ಚಿಹ್ನೆಗಳಿವೆ. ಆರೋಗ್ಯವಂತ ಚಿಪ್ಪು ಬಾಯನ್ನು ಕೂದಲೆಳೆಯಷ್ಟು ತೆರೆದು, ರಂಧ್ರಗಳನ್ನು ಚಾಚಿಕೊಂಡಿರುತ್ತದೆ. ಬೆರಳು ತಾಗಿದರೆ, ಎಷ್ಟೋ ವೇಳೆ ಕೈಯ ನೆರಳು ಬಿದ್ದರೂ ಸಾಕು, ಥಟ್ಟನೆ ಮುಚ್ಚಿಕೊಳ್ಳುತ್ತದೆ. ಆಗಾಗ ನಾಲಗೆಯಂತಹ ಪಾದವನ್ನು ಚಾಚಿ ಮರಳಿನಲ್ಲಿ ಗೀರೆಳೆಯುತ್ತ ಸ್ಥಳ ಬದಲಿಸುತ್ತದೆ. ಬಳಲಿದ ಚಿಪ್ಪು ಮುಚ್ಚಿಕೊಳ್ಳಲು ತಡಮಾಡುತ್ತದೆ, ಹೂತುಕೊಳ್ಳದೆ ಮರಳಿನ ಮೇಲೆ ಹೊರಳಿ ಬೀಳುತ್ತದೆ, ಅದರ ಮೈಹೊದಿಕೆ ಅಂಚಿನಿಂದ ಒಳಕ್ಕೆ ಸರಿದುಹೋಗಿರುತ್ತದೆ, ಕೈಯಲ್ಲಿ ಹಿಡಿದರೆ ಗಾತ್ರಕ್ಕೆ ತಕ್ಕ ತೂಕವಿರುವುದಿಲ್ಲ. ಇಲ್ಲಿ ನನ್ನ ಮನಸ್ಸನ್ನು ತಟ್ಟಿದ ಸಂಗತಿಯೊಂದಿದೆ. ಚಿಪ್ಪಿನ ಬೆನ್ನಿನ ಕೀಲಿನಲ್ಲಿರುವ ಬಿಗಿಪಟ್ಟಿ ಯಾವಾಗಲೂ ಎರಡು ಹೋಳುಗಳನ್ನು ಅಗಲಿಸಲು ಒತ್ತುತ್ತಿರುತ್ತದೆ. ಮುಚ್ಚಿಡಲು ಮಾತ್ರ ಜೀವವು ತನ್ನ ಸ್ನಾಯುಗಳಿಂದ ದುಡಿಯಬೇಕು. ಆದ್ದರಿಂದ ಬಾಯಿ ತೆರೆದು ಬಿದ್ದ ಚಿಪ್ಪು ಏನನ್ನೂ ಕೇಳುತ್ತಿಲ್ಲ. ಮುಚ್ಚಿಕೊಳ್ಳುವ ಶಕ್ತಿ ಮುಗಿದಿದೆ, ಅಷ್ಟೆ. ಇದನ್ನು ಹುಡುಗನಿಗೆ ಹೇಳಲು ನನಗೆ ಅಂದು ಬಾಯಿ ಬರಲಿಲ್ಲ.

ಹಸಿವಿನ ಹೊರತಾಗಿಯೂ ಕಾರಣಗಳಿವೆ. ನಲ್ಲಿ ನೀರಿನ ಕ್ಲೋರಿನ್, ಬೇಸಗೆಯಲ್ಲಿ ಕಾದ ನೀರು, ಆಮ್ಲಜನಕದ ಕೊರತೆ, ಮೀನಿನ ಮಲದಿಂದ ಹುಟ್ಟುವ ಅಮೋನಿಯ, ಸುಣ್ಣದಂಶ ಸಾಲದೆ ಚಿಪ್ಪೇ ಸವೆಯುವುದು, ಇವೆಲ್ಲ ಉಂಟು. ಆದರೆ ಮೀನಿನ ರೋಗಕ್ಕೆ ಹಾಕುವ ತಾಮ್ರವೆಂದರೆ ಚಿಪ್ಪಿಗೆ ಕಡುವಿಷ. ಗುಬ್ಬಿಯ ಕಡೆಯ ಅಡಿಕೆ ತೋಟದವರಿಗೆ ಮೈಲುತುತ್ತದ ಪರಿಚಯ ಚೆನ್ನಾಗಿದೆ. ಅದರ ಅಲ್ಪ ಅಂಶವೂ ಬಸವನಹುಳು, ಶಂಖದಹುಳು, ಕಪ್ಪೆಚಿಪ್ಪುಗಳ ಜಾತಿಗೆ ತಡೆಯದು. ನಮ್ಮ ಮನೆಯಲ್ಲಿ ನಡೆದದ್ದು ಇದೇ. ತಿಂಗಳುಗಳ ಹಸಿವಿನಿಂದ ಸೊರಗಿದ್ದ ಜೀವಕ್ಕೆ ಮೀನನ್ನು ಉಳಿಸುವ ದಯೆಯಿಂದಲೇ ವಿಷವಿಟ್ಟರು.

ಈಗ ತಂಗಿಯ ಪ್ರಶ್ನೆಗೆ ಬರೋಣ. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಕಟ್ಟಿಹಾಕುವ ‘ಬಂಧ’ ಅದರಲ್ಲಿ ಮೊದಲನೆಯದು, ಅನ್ನನೀರನ್ನು ತಡೆಯುವ ‘ಅನ್ನಪಾನನಿರೋಧ’ ಕೊನೆಯದು. ಇವನ್ನು ಎತ್ತು, ಎಮ್ಮೆ, ಆಳುಕಾಳುಗಳ ವಿಷಯದಲ್ಲಿ ಹೇಳಿದ್ದೆಂದೇ ನಾವು ಕೇಳುತ್ತ ಬಂದಿದ್ದೇವೆ. ಗಾಜಿನ ತೊಟ್ಟಿಯ ಚಿಪ್ಪಿನಲ್ಲಿ ಮೊದಲನೆಯದೂ ಕೊನೆಯದೂ ಒಟ್ಟಿಗೇ ಸೇರಿವೆ. ಕೆರೆಯಿಂದ ಕಿತ್ತು ತಂದು ಕೂಡಿಟ್ಟದ್ದು ಬಂಧ. ಕೂಡಿಟ್ಟ ಮೇಲೆ ಆಹಾರವೇ ಇಲ್ಲದ ನೀರಿನಲ್ಲಿ ಬಿಟ್ಟದ್ದು ಅನ್ನಪಾನನಿರೋಧ. ಆದ್ದರಿಂದ ಈ ರೋಗದ ನಿದಾನವನ್ನು ಚಿಪ್ಪಿನ ಮೈಯಲ್ಲಿ ಹುಡುಕುವುದಕ್ಕೆ ಮೊದಲು ಸಾಕಿದವನ ವ್ರತದಲ್ಲಿ ಹುಡುಕಬೇಕಾಗುತ್ತದೆ. ಇದು ನನ್ನ ಅಭಿಪ್ರಾಯ, ಮತ್ತು ಇದನ್ನು ಮೃದುವಾಗಿ ಹೇಳುವ ದಾರಿ ನನಗೆ ಕಾಣದು.

ಪರಿಚಿತರಾದ ಧರ್ಮಬಂಧುವೊಬ್ಬರು ಇದಕ್ಕೆ ಆಕ್ಷೇಪವೆತ್ತಿದರು. ಜೀವಕ್ಕೆ ಅಸಾತಾವೇದನೀಯದ ಉದಯವಾದಾಗ ಹಸಿವೂ ರೋಗವೂ ಬರುತ್ತವೆ. ತೊಟ್ಟಿಯೊಂದು ನಿಮಿತ್ತ ಮಾತ್ರ. ಅಲ್ಲದೆ ಬಂಧನದಲ್ಲಿ ಹಸಿವನ್ನು ಸಹಿಸಿದ್ದರಿಂದ ಅದಕ್ಕೆ ಅಕಾಮ ನಿರ್ಜರೆಯೂ ಆಗಿರಬಹುದಲ್ಲ ಎಂದರು. ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಅಕಾಮ ನಿರ್ಜರೆಯನ್ನು ವಿವರಿಸುವಾಗ ಸೆರೆಯಲ್ಲಿ ಬಿದ್ದು ಹಸಿವು ಬಾಯಾರಿಕೆಗಳನ್ನು ತಡೆದುಕೊಳ್ಳುವವರನ್ನು ನೆನೆದಿರುವುದು ನಿಜ. ಆದರೆ ಸೆರೆಯಾಳಿಗೆ ಆದ ನಿರ್ಜರೆಯನ್ನು ತೋರಿಸಿ ಸೆರೆಮನೆಯನ್ನು ಕಟ್ಟಿದವನು ತನ್ನ ಲೆಕ್ಕ ಚುಕ್ತಾ ಮಾಡಿಕೊಳ್ಳಲು ಬರುವುದಿಲ್ಲ. ಅದರ ಕರ್ಮ ಅದರದು, ನಮ್ಮ ಪ್ರಮಾದ ನಮ್ಮದು. ತಂಗಿಯ ಉಪವಾಸಕ್ಕೂ ಚಿಪ್ಪಿನ ಹಸಿವಿಗೂ ಇರುವ ಅಂತರ ಇಷ್ಟೇ ಆದರೂ ಅದು ಬಹಳ ದೊಡ್ಡದು. ಆಕೆಯ ಮುಂದೆ ಅನ್ನವಿತ್ತು, ಬಿಟ್ಟಳು. ಉಪವಾಸವೆನಿಸಿಕೊಳ್ಳಲು ಉಣ್ಣುವ ಅವಕಾಶ ಬೇಕು. ಅವಕಾಶವನ್ನೇ ಕಿತ್ತುಕೊಂಡರೆ ಅದು ಲಂಘನವೂ ಅಲ್ಲ.

‘ನಮಗೆ ತಿಳಿದಿರಲಿಲ್ಲ’ ಎಂಬ ಸಮಾಧಾನವನ್ನು ಸ್ವಲ್ಪ ನಿಂತು ಪರೀಕ್ಷಿಸಬೇಕು. ಪ್ರಮತ್ತಯೋಗದಿಂದ ಪ್ರಾಣಗಳನ್ನು ಬೇರ್ಪಡಿಸುವುದೇ ಹಿಂಸೆಯೆಂಬ ಲಕ್ಷಣವನ್ನು ನಾವೆಲ್ಲ ಬಲ್ಲೆವು. ನೋಡಿ ನಡೆಯುವ ಮುನಿಯ ಪಾದದಡಿಗೆ ಆಕಸ್ಮಿಕವಾಗಿ ಬಂದು ಸತ್ತ ಜೀವದ ದೋಷ ಆತನಿಗೆ ತಟ್ಟದೆಂಬುದನ್ನೂ ಬಲ್ಲೆವು. ಅಜ್ಞಾನಕ್ಕೆ ಆ ವಿನಾಯಿತಿ ದೊರೆಯುವುದೇ? ಹಾದಿಯಲ್ಲಿ ನಡೆಯುವುದು ಅನಿವಾರ್ಯ. ಚಿಪ್ಪನ್ನು ಕೊಂಡು ತರುವುದು ಅನಿವಾರ್ಯವಾಗಿರಲಿಲ್ಲ. ಅದು ಏನು ತಿನ್ನುತ್ತದೆ ಎಂದು ಕೇಳದೆ ತಂದದ್ದು ಮೊದಲ ಪ್ರಮಾದ. ಬಾಟಲಿಯ ಸಣ್ಣ ಅಕ್ಷರ ಓದದೆ ಔಷಧ ಸುರಿದದ್ದು ಎರಡನೆಯದು. ಅಂಗಡಿಯವನ ಮೇಲೆ ದೋಷ ಹಾಕಲು ತಂಗಿಯ ಮಗ ಹೊರಟಿದ್ದ. ಅಂಗಡಿಯವನಿಗೆ ನಮ್ಮ ವ್ರತವಿಲ್ಲ, ನಮಗಿದೆ. ಆದರೂ ಸಂಕಲ್ಪ ಮಾಡಿ ಕೊಂದದ್ದಕ್ಕೂ ಇದಕ್ಕೂ ಅಂತರವಿದೆಯೆಂದು ತಂಗಿಗೆ ಹೇಳಿದೆ. ಇದು ವ್ರತಭಂಗವಲ್ಲ, ಅತಿಚಾರ. ಆಲೋಚನೆ, ಪ್ರತಿಕ್ರಮಣಗಳಿಗೆ ವಿಷಯ. ಆಕೆ ಒಪ್ಪಿದಳೋ ಇಲ್ಲವೋ ತಿಳಿಯದು, ಮಾತನಾಡಲಿಲ್ಲ.

ಇನ್ನು ಚಿಕಿತ್ಸೆ. ಪ್ರಾಣಿಗಳಿಗೆ ಚಿಕಿತ್ಸೆ ಮಾಡುವುದು ಕನ್ನಡ ನಾಡಿನ ಜೈನರಿಗೆ ಹೊಸದಲ್ಲ. ಚಾಲುಕ್ಯ ರಾಜವಂಶದ ಕೀರ್ತಿವರ್ಮನು ‘ಗೋವೈದ್ಯ’ವನ್ನು ಬರೆದನು. ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ದಲ್ಲಿ ಔಷಧದ ಹೆಸರಿನಲ್ಲಿಯೂ ಮಾಂಸ ಸಲ್ಲದೆಂದು ವಾದಿಸಿದರು. ದೆಹಲಿಯ ಲಾಲ್ ಮಂದಿರದ ಪಕ್ಷಿಚಿಕಿತ್ಸಾಲಯವನ್ನು ಯಾತ್ರೆ ಹೋದ ಅನೇಕರು ನೋಡಿರಬೇಕು. ಆದರೆ ಹಸುವಿಗೆ, ಗಿಳಿಗೆ ಔಷಧ ಕೊಡುವಾಗ ಬಾರದ ತೊಡಕೊಂದು ಚಿಪ್ಪಿನ ಚಿಕಿತ್ಸೆಯಲ್ಲಿ ಬರುತ್ತದೆ. ಅದರ ಕಿವಿರಿನಲ್ಲಿ ಕೆಲವೊಮ್ಮೆ ದನದ ಮೈಯ ಉಣ್ಣೆಯನ್ನು ಹೋಲುವ ಅತಿ ಸಣ್ಣ ನೀರಿನ ಕೀಟಗಳು ಮನೆಮಾಡಿರುತ್ತವೆ. ಕೆಲವು ಬಗೆಯ ಹುಳುಗಳೂ ಇರುತ್ತವೆ. ಇವುಗಳೂ ತ್ರಸ ಜೀವಗಳೇ. ಹೇನು, ತಿಗಣೆಗಳ ಸಾಲಿಗೆ ಸೇರಿಸಿದರೆ ಆ ಕೀಟಗಳಿಗೆ ಚಿಪ್ಪಿಗಿಂತ ಒಂದು ಇಂದ್ರಿಯ ಹೆಚ್ಚೇ ಆಯಿತು. ಒಂದು ದ್ವೀಂದ್ರಿಯವನ್ನು ಉಳಿಸಲು ಹತ್ತಾರು ತ್ರೀಂದ್ರಿಯಗಳನ್ನು ಕೊಲ್ಲುವ ಔಷಧವನ್ನು ಯಾವ ಮುಖದಿಂದ ಹಾಕುವುದು? ಇಂದ್ರಿಯಗಳನ್ನು ಎಣಿಸಿ ತಕ್ಕಡಿಯಲ್ಲಿ ತೂಗಿ ಇತ್ತ ಲಾಭ, ಅತ್ತ ನಷ್ಟ ಎನ್ನುವ ವ್ಯಾಪಾರ ನನಗೆ ಸರಿಕಾಣುವುದಿಲ್ಲ. ಕೊಲ್ಲುತ್ತೇನೆಂದು ತಿಳಿದು ಕೊಲ್ಲುವುದೇ ಸಂಕಲ್ಪ.

ಇಲ್ಲಿ ವೈದ್ಯವು ನಮ್ಮ ನೆರವಿಗೆ ಬರುತ್ತದೆ. ಆ ಕೀಟಗಳು ಸಾಮಾನ್ಯವಾಗಿ ಚಿಪ್ಪಿಗೆ ಹೆಚ್ಚಿನ ಕೇಡು ಮಾಡದೆ ಅದರೊಡನೆ ಬಾಳುತ್ತವೆ. ಹುಳ ಕೊಲ್ಲುವಷ್ಟು ಖಾರವಾದ ಔಷಧ ಬಹುಮಟ್ಟಿಗೆ ಚಿಪ್ಪನ್ನೂ ಕೊಲ್ಲುತ್ತದೆ. ಮನೆಯಲ್ಲಿ ಮಾಡಬಹುದಾದ ನಿಜವಾದ ಚಿಕಿತ್ಸೆಯೆಂದರೆ ಪಥ್ಯವೇ. ರೋಗದ ಚಿಪ್ಪನ್ನು ಬೇರೆ ಪಾತ್ರೆಗೆ ತೆಗೆಯುವುದು, ಹಿಂದಿನ ದಿನ ಹಿಡಿದು ಅಗಲವಾಗಿ ಗಾಳಿಗಿಟ್ಟ ನೀರನ್ನು ಸ್ವಲ್ಪಸ್ವಲ್ಪವಾಗಿ ಬದಲಿಸುವುದು, ಹೂತುಕೊಳ್ಳಲು ನಯವಾದ ಮರಳು ಕೊಡುವುದು, ತಂಪಿನಲ್ಲಿಡುವುದು, ಗಾಳಿ ಪಂಪಿನಿಂದ ಉಸಿರಿಗೆ ಅನುಕೂಲ ಮಾಡುವುದು, ಆಹಾರಕ್ಕೆ ಹಸಿರು ನೀರು. ಬಿಸಿಲಿನಲ್ಲಿ ಕೆಲವು ದಿನ ಇಟ್ಟ ನೀರು ಪಾಚಿಯಿಂದ ಹಸಿರಾಗುತ್ತದೆ. ಅದನ್ನು ದಿನವೂ ಅಷ್ಟಷ್ಟೇ ಬೆರೆಸಬೇಕು. ಒಮ್ಮೆಲೇ ಸುರಿದರೆ ಕೊಳೆತು ಹೊಸ ರೋಗ. ಮೊಟ್ಟೆಯ ಲೋಳೆಯನ್ನು ಕದಡಿ ಹಾಕಿರೆಂದು ಕೆಲವರು ಹೇಳುವುದುಂಟು. ಅದು ನಮ್ಮ ಮನೆಗಳಿಗೆ ಬೇಡ. ಚಿಪ್ಪಿಗೂ ಬೇಡ, ನೀರನ್ನು ಬೇಗ ಕೆಡಿಸುತ್ತದೆ. ಹಸಿರು ನೀರಿನಲ್ಲಿಯೂ ಏಕೇಂದ್ರಿಯ ಜೀವಗಳಿವೆಯಲ್ಲ ಎಂದರೆ ಇವೆ. ನಮ್ಮ ತಟ್ಟೆಯಲ್ಲಿಯೂ ಇವೆ. ಗೃಹಸ್ಥನು ಆ ಹಿಂಸೆಯನ್ನು ಬಿಟ್ಟವನಲ್ಲ, ಮಿತಗೊಳಿಸಿಕೊಂಡವನು.

ವೈದ್ಯವೂ ವ್ರತವೂ ಹೀಗೆ ಕೂಡಿಬಂದದ್ದು ನಮ್ಮ ಅದೃಷ್ಟ. ಎಲ್ಲ ಕಡೆಯೂ ಹಾಗಿಲ್ಲ. ಸಮುದ್ರದ ದೈತ್ಯಚಿಪ್ಪನ್ನು ಹೊರದೇಶಗಳಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿಗಳಲ್ಲಿ ಸಾಕುತ್ತಾರೆ. ನಮ್ಮಲ್ಲಿ ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಟ್ಟ ಜೀವಿ, ಯಾರೂ ಮನೆಯಲ್ಲಿ ಇಡುವಂತಿಲ್ಲ. ಅದಕ್ಕೆ ಅಕ್ಕಿಕಾಳಿನಷ್ಟು ಸಣ್ಣ ಶಂಖದಹುಳುಗಳು ಅಂಟಿಕೊಂಡು ಸಾರ ಹೀರುತ್ತವೆ. ಸಾಕಿದವರು ಅವನ್ನು ಕುಂಚದಿಂದ ಉಜ್ಜಿ ತೆಗೆಯುತ್ತಾರೆ. ತೆಗೆದರೆ ಅವು ಹಸಿದು ಸಾಯುತ್ತವೆ, ಬಿಟ್ಟರೆ ಚಿಪ್ಪು ಸಾಯುತ್ತದೆ. ಎರಡೂ ದ್ವೀಂದ್ರಿಯಗಳೇ. ಕಡಲಿನಲ್ಲಿಯೂ ಇದು ನಡೆಯುತ್ತದೆ, ಆದರೆ ಅಲ್ಲಿ ಕುಂಚ ಹಿಡಿದು ನಿಂತವರಿಲ್ಲ. ತೊಟ್ಟಿಯಲ್ಲಿ ಯಾವುದು ಸಾಯಬೇಕೆಂದು ತೀರ್ಮಾನಿಸುವ ಸ್ಥಾನಕ್ಕೆ ಸಾಕಿದವನು ತಾನಾಗಿ ಹೋಗಿ ಕುಳಿತಿದ್ದಾನೆ. ಆ ಸ್ಥಾನದಲ್ಲಿ ಕುಳಿತ ಮೇಲೆ ನಿರ್ದೋಷವಾದ ಉತ್ತರವೊಂದಿದೆಯೆಂದು ನನಗೆ ತೋರುವುದಿಲ್ಲ.

ಮುತ್ತಿನ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಈ ಸಿಹಿನೀರಿನ ಚಿಪ್ಪಿಗೆ ಕ್ರಮವಾದ ಶುಶ್ರೂಷೆ ದೊರೆಯುವ ಸ್ಥಳವೆಂದರೆ ಮುತ್ತಿನ ಕೃಷಿ. ಮೈಯನ್ನು ಸೀಳಿ ಒಳಗೆ ಮಣಿಯಿಟ್ಟು, ಬಳಿಕ ಗಾಯ ಮಾಯಲೆಂದು ಔಷಧದ ನೀರಿನಲ್ಲಿ ಕೆಲವು ದಿನ ಆರೈಕೆ ಮಾಡುತ್ತಾರೆ. ಒಳಹೊಕ್ಕ ವಸ್ತುವಿನ ಸುತ್ತ ಜೀವವು ಪದರಪದರವಾಗಿ ಸುತ್ತುವ ಹೊಳಪೇ ಮುತ್ತು. ಅತಿಚಾರಗಳಲ್ಲಿ ಅಂಗವನ್ನು ಸೀಳುವ ‘ಛೇದ’ವೂ ಒಂದೆಂದು ನೆನೆದು, ನೋಂಪಿಯ ದಿನ ಮುತ್ತಿನ ಸರ ಧರಿಸಿ ಬಸದಿಗೆ ಬರುವ ಸೋದರಿಯರು ಒಮ್ಮೆ ಅದನ್ನು ಬೆರಳಿನಿಂದ ಮುಟ್ಟಿ ನೋಡಿಕೊಳ್ಳಲಿ. ಹೆಚ್ಚೇನೂ ಹೇಳಲಾರೆ.

ಉಳಿದ ಒಂದು ಚಿಪ್ಪನ್ನು ಏನು ಮಾಡುವುದೆಂಬ ಪ್ರಶ್ನೆ ಎದ್ದಿತು. ಮಂದರಗಿರಿಯ ಬಸದಿಗಳ ದರ್ಶನಕ್ಕೆ ಹೋಗುವಾಗ ಬೆಟ್ಟದ ಬುಡದ ಮೈದಾಳ ಕೆರೆಗೆ ಬಿಟ್ಟುಬಿಡೋಣ, ಅಭಯದಾನವಾಗುತ್ತದೆ ಎಂದು ಎಲ್ಲರೂ ಹೇಳಿದರು. ನನಗೂ ಮೊದಲು ಹಾಗೆಯೇ ತೋರಿತು. ಆದರೆ ಚಿಪ್ಪು ಯಾವ ಕೆರೆಯದೆಂದು ಅಂಗಡಿಯವನಿಗೂ ತಿಳಿಯದು. ರೋಗದ ತೊಟ್ಟಿಯಿಂದ ಬಂದದ್ದು; ಏನನ್ನು ಹೊತ್ತಿದೆಯೋ ಬಲ್ಲವರಾರು? ಚಿಪ್ಪಿನ ಮರಿಗಳು ಹುಟ್ಟಿದ ಹೊಸದರಲ್ಲಿ ಮೀನಿನ ಕಿವಿರಿಗೆ ಅಂಟಿಕೊಂಡು ಬೆಳೆಯುತ್ತವೆ ಎಂಬುದನ್ನೂ ಮರೆಯಬಾರದು. ಮೀನಿಗೆ ಚಿಪ್ಪಿನ ಮರಿಯೇ ಒಂದು ಪೀಡೆ. ಮನೆಯ ತೊಟ್ಟಿಗಳಿಂದ ಹೊರಬಿದ್ದ ಸಕ್ಕರ್ ಮೀನು ದಕ್ಷಿಣ ಭಾರತದ ಎಷ್ಟೋ ಕೆರೆ ಹೊಳೆಗಳಲ್ಲಿ ಹಬ್ಬಿ ಅಲ್ಲಿನ ಜೀವಗಳನ್ನು ಕಾಡುತ್ತಿದೆ. ಬಿಟ್ಟವರಲ್ಲಿ ಬಹುಮಂದಿ ದಯೆಯಿಂದಲೇ ಬಿಟ್ಟಿದ್ದಾರು.

ಆಗ ನಮ್ಮ ತಾಯಿಯ ನೆನಪಾಯಿತು. ಆಕೆ ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲುಳಿದ ಜೀವಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಅದೇ ಬಾವಿಗೆ ಮೆಲ್ಲನೆ ಇಳಿಸುತ್ತಿದ್ದಳು. ಪಕ್ಕದ ಬಾವಿಗೆ ಬಿಟ್ಟರೆ ಆಗದೇ ಎಂದು ಚಿಕ್ಕಂದಿನಲ್ಲಿ ಕೇಳಿ ಬೈಸಿಕೊಂಡಿದ್ದೆ. ಒಂದು ನೀರಿನ ಜೀವ ಇನ್ನೊಂದು ನೀರಿನಲ್ಲಿ ಬದುಕದು, ಇನ್ನೊಂದರದಕ್ಕೆ ಇದು ಶತ್ರುವಾದೀತು ಎಂಬ ತಿಳಿವಳಿಕೆ ಆ ಬೈಗುಳದಲ್ಲಿತ್ತೆಂದು ಈಗ ಹೊಳೆಯುತ್ತದೆ. ಬಂದ ನೀರಿಗೇ ಹಿಂದಿರುಗಿಸಬೇಕು. ಬಂದ ನೀರು ಯಾವುದೆಂದು ತಿಳಿಯದಿದ್ದರೆ ತಂದವನೇ ಕೊನೆಯವರೆಗೆ ನೋಡಿಕೊಳ್ಳಬೇಕು. ಇಂದು ಅಂತರಸನಹಳ್ಳಿಯ ನಲ್ಲಿಯಲ್ಲಿ ಬರುವ ಹೇಮಾವತಿಯ ನೀರಿಗೆ ಏನನ್ನು ಹಿಂದಿರುಗಿಸುವುದೆಂಬುದು ಬೇರೆಯದೇ ಸಮಸ್ಯೆ.

ಚಿಪ್ಪನ್ನು ಹಿತ್ತಿಲ ನೆರಳಿನ ಸಿಮೆಂಟು ತೊಟ್ಟಿಗೆ ಸ್ಥಳಾಂತರಿಸಿದರು. ಹೊಸ ತೊಟ್ಟಿಯ ಸಿಮೆಂಟಿನ ಖಾರ ಹೋಗಲೆಂದು ಹಲವು ದಿನ ನೀರು ತುಂಬಿಸಿ ಚೆಲ್ಲಿದ ಮೇಲೆಯೇ ಬಿಟ್ಟದ್ದು. ತಂಗಿ ಪರಿಗ್ರಹ ಪರಿಮಾಣದಲ್ಲಿ ಇನ್ನೊಂದು ನಿಯಮ ಸೇರಿಸಿಕೊಂಡಳು: ದ್ವಿಪದ, ಚತುಷ್ಪದಗಳಂತೆಯೇ ನೀರಿನ ಯಾವ ಜೀವವನ್ನೂ ಇನ್ನು ಮನೆಗೆ ಕೊಂಡು ತರುವಂತಿಲ್ಲ. ಚಿಪ್ಪಿಗಿರುವುದು ಒಂದೇ ಪಾದ, ಅದು ಯಾವ ಲೆಕ್ಕಕ್ಕೆ ಬರುತ್ತದೆ ಎಂದು ಮೊಮ್ಮಗ ಕೇಳಿದನಂತೆ. ಇರುವ ಮೀನುಗಳನ್ನು ಅವುಗಳ ಆಯುಷ್ಯ ಮುಗಿಯುವವರೆಗೆ ನೋಡಿಕೊಳ್ಳುವುದೆಂದಾಗಿದೆ.

ಕಳೆದ ವಾರ ಹೋದಾಗ ಸಂಜೆಯಾಗುತ್ತಿತ್ತು. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸಬೇಕಾದ ಮನೆ. ತಂಗಿ ಎಲೆಗೆ ಕೂರುವ ಮೊದಲು ಹಿತ್ತಿಲಿಗೆ ಹೋಗಿ, ಬಿಸಿಲಿಗಿಟ್ಟ ಬಕೆಟ್ಟಿನಿಂದ ಒಂದು ಲೋಟ ಹಸಿರು ನೀರನ್ನು ತೊಟ್ಟಿಯ ಅಂಚಿನಲ್ಲಿ ಮೆಲ್ಲನೆ ಬಿಟ್ಟಳು. ಹುಡುಗ ಕೈ ಅಡ್ಡಹಿಡಿದು ನೆರಳು ಮಾಡಿದ. ಚಿಪ್ಪು ಮುಚ್ಚಿಕೊಂಡಿತು, ಆದರೆ ಥಟ್ಟನೆ ಅಲ್ಲ, ನಿಧಾನವಾಗಿ.

“ನೆನ್ನೆಗಿಂತ ಬೇಗ” ಎಂದ ಹುಡುಗ. ತಂಗಿ ನನ್ನ ಮುಖ ನೋಡಿದಳು. ನೆನ್ನೆ ನಾನು ನೋಡಿರಲಿಲ್ಲ.